ಟಾಕಿ ತುಂಬಿತೇ ಎಂದು ಯಾರು ನೋಡಬೇಕು?

ಆಲಮಟ್ಟಿ ಅಣೆಕಟ್ಟಿನ ಗರಿಷ್ಠ ಮಟ್ಟ 519.60 ಮೀಟರ್. ಬಾಗಲಕೋಟೆ ಜಿಲ್ಲೆಯಲ್ಲಿ ಈ ಅಂಕಿಯನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಮಳೆಗಾಲ ಬಂತೆಂದರೆ ಇಂದಿನ ಮಟ್ಟ, ಒಳಹರಿವು, ಹೊರಹರಿವು ಎಂದು ಪತ್ರಿಕೆಗಳು ದಿನವೂ ಅಚ್ಚು ಹಾಕುತ್ತವೆ. ಚಹಾದಂಗಡಿಯಲ್ಲಿ ಕುಳಿತವರು ದಶಮಾಂಶವನ್ನೂ ಬಿಡದೆ ಚರ್ಚೆ ಮಾಡುತ್ತಾರೆ. ಹಳೇ ಬಾಗಲಕೋಟೆಯ ಓಣಿಗಳನ್ನು ಹಿನ್ನೀರಿಗೆ ಕೊಟ್ಟು ನವನಗರ ಕಟ್ಟಿಕೊಂಡ ಜನಕ್ಕೆ ಆ ಆಸ್ಥೆ ಸಹಜವೇ. ಆದರೆ ಅವರ ಮನೆಯ ಮಾಳಿಗೆ ಮೇಲಿನ ಟಾಕಿಯಲ್ಲಿ ಈಗ ಎಷ್ಟು ನೀರಿದೆ ಎಂದು ಕೇಳಿ ನೋಡಿ. "ಏ ತಮ್ಮಾ, ಮ್ಯಾಲ ಹತ್ತಿ ನೋಡ ಹೋಗು" ಎಂದು ಮಗನನ್ನು ಕಳಿಸುತ್ತಾರೆ.

ಮನೆಗೆ 'ಸ್ಮಾರ್ಟ್' ಎಂಬ ವಿಶೇಷಣ ಅಂಟಿಸಿ ಮಾರುವವರ ಜಾಹೀರಾತಿನಲ್ಲಿ ಈ ಮಗ ಕಾಣುವುದಿಲ್ಲ. ಅಲ್ಲಿ ಸೋಫಾದ ಮೇಲೆ ಕುಳಿತವರು ಮಾತಿನಲ್ಲೇ ದೀಪ ಆರಿಸುತ್ತಾರೆ, ಪರದೆ ಸರಿಸುತ್ತಾರೆ. ಶಿರೂರಿನಂಥ ಊರಿನಲ್ಲಿ ಎದ್ದು ಹೋಗಿ ಸ್ವಿಚ್ ಒತ್ತುವುದು ಯಾರಿಗೂ ಕಷ್ಟದ ಕೆಲಸವಲ್ಲ. ಒತ್ತಬೇಕೋ ಬೇಡವೋ ಎಂದು ತಿಳಿಯದಿರುವುದೇ ಇಲ್ಲಿನ ಕಷ್ಟ. ನಳ ಬಂತೇ? ಟಾಕಿ ತುಂಬಿತೇ? ಈ ತಿಂಗಳು ಎಷ್ಟು ಯೂನಿಟ್ ಸುಟ್ಟಿತು? ಹೊಲದಲ್ಲಿ ತ್ರೀ ಫೇಸ್ ಕೊಟ್ಟರೇ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳುವ ಸಾಧನವನ್ನು ಕೈಯಾರೆ ಮಾಡಿಕೊಳ್ಳುವ ಹವ್ಯಾಸ ಈಗ ಒಂದು ಸಾವಿರ ರೂಪಾಯಿಯೊಳಗೆ ಶುರುವಾಗುತ್ತದೆ. ನನ್ನ ಪ್ರಕಾರ ಈ ಹವ್ಯಾಸದ ಹುರುಳೆಲ್ಲ ಅಳತೆಯಲ್ಲಿದೆ. ಯಂತ್ರಕ್ಕೆ ಹುಕುಂ ಕೊಡುವ ಶೋಕಿ ಆಮೇಲಿನದು, ಇಲ್ಲದಿದ್ದರೂ ನಡೆಯುತ್ತದೆ.

ನಾನು ಹೇಳುತ್ತಿರುವುದು ಬಾಗಲಕೋಟೆ ತಾಲ್ಲೂಕಿನ ಶಿರೂರು. ಉಡುಪಿ ಕಡೆಯದಲ್ಲ, 2024ರ ಜುಲೈನಲ್ಲಿ ಗುಡ್ಡ ಕುಸಿದ ಅಂಕೋಲಾದ್ದೂ ಅಲ್ಲ. ಈ ಶಿರೂರು, ಗುಳೇದಗುಡ್ಡ, ಬಾದಾಮಿ ಸುತ್ತಿನ ಹಳೆಯ ಮನೆಗಳನ್ನು ಕಟ್ಟಿದವರಿಗೆ ಬಿಸಿಲಿನ ಚಿಂತೆ ಇತ್ತು, ವೈಫೈ ಚಿಂತೆ ಇರಲಿಲ್ಲ. ಒಂದೂವರೆ ಎರಡು ಅಡಿ ದಪ್ಪದ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಹೊರಗೆ 40 ಡಿಗ್ರಿ ಕಾದರೂ ನಡುಮನೆ ತಂಪು. ಬಿಸಿಲನ್ನು ತಡೆದ ಆ ಗೋಡೆಯೇ ರೂಟರಿನ ಸಿಗ್ನಲ್ಲನ್ನೂ ತಡೆಯುತ್ತದೆ. ಪಡಸಾಲೆಯಲ್ಲಿ ನಾಲ್ಕು ಗೆರೆ, ನಡುಮನೆಯಲ್ಲಿ ಎರಡು, ಅಡುಗೆಮನೆಯಲ್ಲಿ ಸೊನ್ನೆ. ಮಾಳಿಗೆ ಮೇಲೆ ಮಾತ್ರ ಬೆಳಕಿಂಡಿಯ ನೇರಕ್ಕೆ ನಿಂತರೆ ಸಿಗ್ನಲ್ ಸಿಗುತ್ತದೆ! ಬೆಳಕು ಬರುವ ದಾರಿಯಲ್ಲೇ ರೇಡಿಯೊ ಅಲೆಯೂ ಹೊರಗೆ ಹೋಗುತ್ತದೆ, ಏಕೆಂದರೆ ಎರಡೂ ಒಂದೇ ಜಾತಿಯವು.

ವೈಫೈ ಹೆಚ್ಚಾಗಿ ಎರಡು ಪಟ್ಟಿಗಳಲ್ಲಿ ಬರುತ್ತದೆ. 2.4 ಗಿಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, 5 ಗಿಗಾಹರ್ಟ್ಸ್‌ನದು ಅದರರ್ಧ. ವೇಗ ಹೆಚ್ಚು ಕೊಡುವುದು 5, ಗೋಡೆ ದಾಟುವುದರಲ್ಲಿ ಮೇಲು 2.4. ಆದರೆ ಎರಡಡಿ ಕಲ್ಲಿನ ಮುಂದೆ ಎರಡೂ ಸೋಲುತ್ತವೆ. ಆಗ ಅಂಗಡಿಯವರು 'ರೇಂಜ್ ಎಕ್ಸ್‌ಟೆಂಡರ್' ತೋರಿಸುತ್ತಾರೆ. ಬಂದ ಮಾತನ್ನು ಕೇಳಿಸಿಕೊಂಡು ಅದನ್ನೇ ಮತ್ತೆ ಕೂಗುವ ಡಬ್ಬಿ ಅದು. ಕೇಳುವುದು, ಕೂಗುವುದು ಎರಡನ್ನೂ ಒಂದೇ ಪಟ್ಟಿಯಲ್ಲಿ ಮಾಡಿದರೆ ವೇಗ ಅರ್ಧಕ್ಕೆ ಇಳಿಯುತ್ತದೆ. ಕಲ್ಲಿನ ಮನೆಗೆ ಸರಿಯಾದ ಮದ್ದು ತಂತಿ. ಕ್ಯಾಟ್-6 ಕೇಬಲ್ 100 ಮೀಟರಿನವರೆಗೆ ನಿಶ್ಚಿಂತೆಯಿಂದ ಓಡುತ್ತದೆ, ಬೆಳಕಿಂಡಿಯಿಂದಲೋ ಬಾಗಿಲ ಚೌಕಟ್ಟಿನ ಸಂದಿನಿಂದಲೋ ಎಳೆಯಬಹುದು. ಇನ್ನೊಂದು ತುದಿಗೆ ಅಟ್ಟದ ಮೇಲೆ ಬಿದ್ದಿರುವ ಹಳೇ ರೂಟರ್ ಸಾಕು. ಅದರೊಳಗೆ ಹೋಗಿ ವಿಳಾಸ ಹಂಚುವ ಕೆಲಸವನ್ನು, ಅಂದರೆ ಡಿಎಚ್‌ಸಿಪಿಯನ್ನು ಬಂದ್ ಮಾಡಬೇಕು. ಅದರ ಸ್ವಂತ ವಿಳಾಸವನ್ನು ಹೊಸ ರೂಟರಿನದ್ದಕ್ಕಿಂತ ಬೇರೆ ಮಾಡಬೇಕು. ತಂತಿಯನ್ನು 'ವ್ಯಾನ್' ತೂತಿಗೆ ಹಾಕದೆ 'ಲ್ಯಾನ್' ತೂತಿಗೆ ಹಾಕಬೇಕು. ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇಟ್ಟರೆ ಫೋನು ತಾನೇ ಹತ್ತಿರದ್ದನ್ನು ಹಿಡಿಯುತ್ತದೆ. ಬಹಳ ಜನ ಎಡವುವುದು ಆ ವ್ಯಾನ್-ಲ್ಯಾನ್ ತೂತಿನ ವಿಷಯದಲ್ಲೇ.

ರೂಟರನ್ನು ಬಿಚ್ಚಿ ತಮಗೆ ಬೇಕಾದಂತೆ ಮಾಡಿಕೊಳ್ಳುವ ಈ ಚಟಕ್ಕೆ ಒಂದು ಚರಿತ್ರೆಯೂ ಇದೆ. 2002ರ ಕೊನೆಯಲ್ಲಿ ಲಿಂಕ್‌ಸಿಸ್ ಕಂಪನಿ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ರೂಟರ್ ತಂದಿತು. ಅದರೊಳಗೆ ಲಿನಕ್ಸ್ ಓಡುತ್ತಿದೆ ಎಂಬುದನ್ನು ಹವ್ಯಾಸಿಗಳು ಕಂಡುಹಿಡಿದರು. ಲಿನಕ್ಸಿನ ಪರವಾನಗಿಯ ಪ್ರಕಾರ ಮೂಲ ಸಂಕೇತ ಬಿಟ್ಟುಕೊಡಬೇಕಲ್ಲ ಎಂದು ಹಟ ಹಿಡಿದರು, ಮರುವರ್ಷ ಕಂಪನಿ ಬಿಟ್ಟುಕೊಟ್ಟಿತು. ಅದರ ಮೇಲೆ ಕಟ್ಟಿದ ಓಪನ್‌ಡಬ್ಲ್ಯುಆರ್‌ಟಿ 2004ರಿಂದ ಇಂದಿನವರೆಗೂ ನೂರಾರು ಮಾದರಿಯ ರೂಟರುಗಳಿಗೆ ಎರಡನೇ ಆಯುಷ್ಯ ಕೊಡುತ್ತಿದೆ. ನಮ್ಮಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಗೆ ಲೈಸೆನ್ಸ್ ಬೇಡವೆಂದು ಸರ್ಕಾರ ಹೇಳಿದ್ದು 2005ರಲ್ಲಿ. 5 ಗಿಗಾಹರ್ಟ್ಸನ್ನು ಬಯಲಿನಲ್ಲೂ ಸಲೀಸಾಗಿ ಬಳಸಬಹುದೆಂದು ಆದದ್ದು 2018ರಲ್ಲಿ.

ಇಲ್ಲೊಂದು ಗೊಂದಲ ಬಿಡಿಸಬೇಕು. 'ನೆಟ್ ಹೋಯಿತು' ಎಂದಾಗ ಮನೆಯ ಜಾಲವೂ ಹೋಯಿತೆಂದೇ ನಾವು ತಿಳಿಯುತ್ತೇವೆ. ಅವೆರಡೂ ಬೇರೆ. ಹೊರಗಿನ ಫೈಬರನ್ನು ಜೆಸಿಬಿ ಕಡಿದು ಹಾಕಿದರೂ ಮನೆಯೊಳಗಿನ ರೂಟರಿಗೆ ಕರೆಂಟು ಇರುವವರೆಗೆ ಫೋನು, ಲ್ಯಾಪ್‌ಟಾಪು, ಟಾಕಿಯ ಸೆನ್ಸರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. 192.168 ಎಂದು ಶುರುವಾಗುವ ವಿಳಾಸಗಳು ಮನೆಯೊಳಗಿನ ಬಳಕೆಗೆಂದೇ ಮೀಸಲು, ಹೊರಜಗತ್ತಿಗೆ ಅವುಗಳ ಗೊಡವೆ ಇಲ್ಲ. ಇದನ್ನು ಊರಿನ ಮಟ್ಟಕ್ಕೆ ಬೆಳೆಸಿ ತೋರಿಸಿದವರು ಕರ್ನಾಟಕದಲ್ಲೇ ಇದ್ದಾರೆ. ಬೆಂಗಳೂರಿನ ಜನಸ್ತು ಸಂಸ್ಥೆಯವರು ತುಮಕೂರಿನ ದೇವರಾಯನದುರ್ಗದ ಸುತ್ತ ಅಗ್ಗದ ವೈಫೈ ಪೆಟ್ಟಿಗೆಗಳನ್ನೂ ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರುಗಳನ್ನೂ ಹೆಣೆದು ಸಮುದಾಯದ ಜಾಲ ಕಟ್ಟಿದರು. ಊರವರ ದನಿಯಲ್ಲೇ ದಾಖಲಾದ ಮಾತು, ಕತೆಗಳು ಇಂಟರ್ನೆಟ್ಟಿನ ಹಂಗಿಲ್ಲದೆ ಅದರಲ್ಲಿ ಓಡಾಡುವಂತೆ ಮಾಡಿದರು. ಮನೆಯ ಅಳತೆಗೂ ಇದೇ ಮೇಲ್ಪಂಕ್ತಿ ಆಗಬೇಕು. ಟಾಕಿಯ ನೀರಿನ ಮಟ್ಟ ಮಾಳಿಗೆಯಿಂದ ಅಡುಗೆಮನೆಗೆ ಬರಲು ವಿದೇಶದ ಯಾವುದೋ ಸರ್ವರಿಗೆ ಹೋಗಿ ಬರಬೇಕಾದ ಅಗತ್ಯವಿಲ್ಲ. ಮಾರುಕಟ್ಟೆಯ ಸಿದ್ಧ ಉಪಕರಣಗಳಲ್ಲಿ ಬಹುಪಾಲು ಹಾಗೇ ಹೋಗಿ ಬರುತ್ತವೆ. ಕಂಪನಿ ಸರ್ವರ್ ಮುಚ್ಚಿದ ದಿನ ಡಬ್ಬಿ ಗುಜರಿಗೆ.

ಸಾಮಾನು ಏನೇನು ಬೇಕು? ಚೀನಾದ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಎಂಬ ಚಿಪ್ಪು 2014ರಲ್ಲಿ ಹವ್ಯಾಸಿಗಳ ಕೈಗೆ ಸಿಕ್ಕಿದ್ದೇ ತಡ, ಈ ಲೋಕದ ಲೆಕ್ಕಾಚಾರ ಬದಲಾಯಿತು. ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ಆನ್‌ಲೈನಿನಲ್ಲೋ ಇನ್ನೂರು ಮುನ್ನೂರು ರೂಪಾಯಿಗೆ ಸಿಗತೊಡಗಿತು. 2016ರಲ್ಲಿ ಅದರ ಅಣ್ಣ ಇಎಸ್‌ಪಿ32 ಬಂತು. ಇವು ಅಳೆದು ಕಳಿಸುವ ತುದಿಗಳು. ಕಳಿಸಿದ್ದನ್ನು ಕೂಡಿಡಲು ಒಂದು ಕೇಂದ್ರ ಬೇಕು: 2012ರಲ್ಲಿ ಬಂದ ರಾಸ್‌ಬೆರಿ ಪೈ ಆದೀತು, ಪರದೆ ಒಡೆದ ಹಳೇ ಲ್ಯಾಪ್‌ಟಾಪ್ ಇನ್ನೂ ಒಳ್ಳೆಯದು. ಅದಕ್ಕೆ ಬ್ಯಾಟರಿ ಇರುತ್ತದೆ, ಕರೆಂಟು ಹೋದರೂ ಸ್ವಲ್ಪ ಹೊತ್ತು ಎದ್ದಿರುತ್ತದೆ. ಅದರ ಮೇಲೆ ಪೌಲಸ್ ಸ್ಕೌಟ್ಸನ್ 2013ರಲ್ಲಿ ಶುರುಮಾಡಿದ ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಎಲ್ಲ ಅಳತೆಯೂ ಒಂದೇ ಪುಟದಲ್ಲಿ ಕಾಣುತ್ತದೆ.

ತುದಿಗೂ ಕೇಂದ್ರಕ್ಕೂ ನಡುವಿನ ಭಾಷೆ ಎಂಕ್ಯುಟಿಟಿ. 1999ರಲ್ಲಿ ಐಬಿಎಂನ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಇದನ್ನು ರೂಪಿಸಿದ್ದು ತೈಲದ ಕೊಳವೆಮಾರ್ಗಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು. ಉಪಗ್ರಹದ ಸಂಪರ್ಕ ದುಬಾರಿ, ಹೋಗಿ ಬಂದು ಮಾಡುವಂಥದ್ದು. ಹಾಗಾಗಿ ಮಾತು ಚುಟುಕಾಗಿರಬೇಕು, ನಡುವೆ ಕಡಿದರೂ ಕೇಡಾಗಬಾರದು. ನಮ್ಮೂರ ಕರೆಂಟಿಗೂ ನೆಟ್‌ವರ್ಕಿಗೂ ಹೇಳಿ ಮಾಡಿಸಿದಂತಿದೆ! ಈ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಇಂಗ್ಲೆಂಡಿನ ವೈಟ್ ದ್ವೀಪದ ತನ್ನ ಹುಲ್ಲುಚಾವಣಿಯ ಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡ. ದೀಪ, ವಿದ್ಯುತ್ ಬಳಕೆ, ಕೊನೆಗೆ ಇಲಿಬೋನಿಗೂ ತಂತಿ ಜೋಡಿಸಿದ. ಇಲಿ ಬಿದ್ದರೆ ಫೋನಿಗೆ ಸಂದೇಶ ಬರುತ್ತಿತ್ತು. ಎಣ್ಣೆ ಕೊಳವೆಗೆ ಹುಟ್ಟಿದ ಭಾಷೆ ಇಲಿಬೋನಿಗೆ ಬಂದ ಮೇಲೆ ಟಾಕಿಗೆ ಬರುವುದೇನು ದೊಡ್ಡದು.

ಟಾಕಿಯ ಮುಚ್ಚಳದ ಒಳಬದಿಗೆ ಕೆಳಮುಖವಾಗಿ ಒಂದು ಅಲ್ಟ್ರಾಸಾನಿಕ್ ಸೆನ್ಸರ್ ಕೂರಿಸುತ್ತಾರೆ. ನೀರಿಗೆ ಜಗ್ಗದ ಮಾದರಿಯೇ ಬೇಕು. ಎರಡು ಕಣ್ಣಿನ ಅಗ್ಗದ್ದು ಒಂದು ಮಳೆಗಾಲವನ್ನೂ ತಾಳುವುದಿಲ್ಲ. ಸೆನ್ಸರ್ ಮನುಷ್ಯನ ಕಿವಿಗೆ ಕೇಳದ ಶಬ್ದ ಬಿಡುತ್ತದೆ, ಶಬ್ದ ನೀರಿಗೆ ಬಡಿದು ಮರಳುತ್ತದೆ, ಹೋಗಿ ಬಂದ ಹೊತ್ತನ್ನು ಅಳೆದರೆ ದೂರ ಸಿಗುತ್ತದೆ. ಒಂದು ಮೀಟರ್ ಕೆಳಗೆ ನೀರಿದ್ದರೆ ಸುಮಾರು ಆರು ಮಿಲಿಸೆಕೆಂಡು. ಸೆನ್ಸರಿನ ಮೂಗಿನ ಕೆಳಗಿನ 20–25 ಸೆಂಟಿಮೀಟರ್ ಅದಕ್ಕೆ ಕಾಣದು. ಟಾಕಿ ಕಂಠದವರೆಗೆ ತುಂಬಿದರೆ ಅದು ಬಾಯಿಗೆ ಬಂದ ಅಂಕಿ ಹೇಳುತ್ತದೆ. ಆದ್ದರಿಂದ ಮುಚ್ಚಳದ ಮೇಲೆ ಪೈಪಿನ ಚಿಕ್ಕ ತುಂಡು ನಿಲ್ಲಿಸಿ ಸೆನ್ಸರನ್ನು ಎತ್ತರದಲ್ಲಿ ಇಡುವುದು ಜಾಣತನ.

ಇಷ್ಟು ಎಲ್ಲ ಕಡೆ ಸಿಗುವ ಮಾಹಿತಿ. ನಮ್ಮ ಬಿಸಿಲು ಇದಕ್ಕೆ ಒಂದು ತಿದ್ದುಪಡಿ ಸೇರಿಸುತ್ತದೆ. ಎಲ್ಲರೂ ನಕಲು ಮಾಡುವ ಪ್ರೋಗ್ರಾಮಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಎಂದು ಬರೆದಿರುತ್ತದೆ. ಅದು 20 ಡಿಗ್ರಿ ಸೆಲ್ಸಿಯಸ್‌ನ ವೇಗ. ಒಂದೊಂದು ಡಿಗ್ರಿಗೂ ಸುಮಾರು 0.6 ಮೀಟರ್ ಏರುತ್ತದೆ. ಏಪ್ರಿಲಿನಲ್ಲಿ ಕಪ್ಪು ಟಾಕಿಯೊಳಗಿನ ಗಾಳಿ 40 ಡಿಗ್ರಿ ಮುಟ್ಟಿದಾಗ ವೇಗ ಸುಮಾರು 355 ಇರುತ್ತದೆ. ಶಬ್ದ ಬೇಗ ಮರಳಿತು, ಆದ್ದರಿಂದ ನೀರು ಹತ್ತಿರವಿದೆ ಎಂದು ಸೆನ್ಸರ್ ತಿಳಿಯುತ್ತದೆ. ಒಂದು ಮೀಟರ್ ಕೆಳಗಿರುವ ನೀರನ್ನು ಮೂರೂವರೆ ಸೆಂಟಿಮೀಟರ್ ಮೇಲೆ ತೋರಿಸುತ್ತದೆ. ಸಾವಿರ ಲೀಟರಿನ ಟಾಕಿಯಲ್ಲಿ ಅಷ್ಟೆಂದರೆ ಮೂವತ್ತು ಲೀಟರಿಗೂ ಹೆಚ್ಚು, ಅಂದರೆ ಎರಡು ಕೊಡ. ನೀರು ಕಡಿಮೆ ಇರುವ ಕಾಲದಲ್ಲೇ ಇಲ್ಲದ ಎರಡು ಕೊಡ ಇದೆಯೆಂದು ಹೇಳುವ ಯಂತ್ರವನ್ನು ಕಟ್ಟಿಕೊಂಡು ಏನು ಮಾಡುವುದು? ನೂರು ರೂಪಾಯಿಯ ಆಸುಪಾಸಿಗೆ ಸಿಗುವ ಡಿಎಸ್18ಬಿ20 ಎಂಬ ಉಷ್ಣತೆಯ ಸೆನ್ಸರನ್ನು ಪಕ್ಕದಲ್ಲಿ ಇಳಿಬಿಟ್ಟು, ಲೆಕ್ಕದಲ್ಲಿ ಒಂದು ಸಾಲು ಸೇರಿಸಿದರೆ ಈ ಸುಳ್ಳು ನಿಲ್ಲುತ್ತದೆ.

ಮಾಳಿಗೆಗೆ ಕರೆಂಟು ಒಯ್ಯುವುದು ಇನ್ನೊಂದು ತಲೆನೋವು. 230 ವೋಲ್ಟನ್ನು ನೀರಿನ ಪಕ್ಕಕ್ಕೆ ಒಯ್ಯಲೇಬಾರದು. 5 ವೋಲ್ಟನ್ನು ಸಣ್ಣ ತಂತಿಯಲ್ಲಿ ದೂರ ಎಳೆದರೆ ದಾರಿಯಲ್ಲೇ ಸೋರಿ ಹೋಗುತ್ತದೆ. ಅಂಗೈಯಷ್ಟು ಸೋಲಾರ್ ಪ್ಲೇಟು, ಒಂದು ಲಿಥಿಯಂ ಸೆಲ್ಲು ಸಾಕು, ಚಿಪ್ಪಿಗೆ ನಿದ್ದೆ ಮಾಡಲು ಕಲಿಸಿದರೆ. ವೈಫೈ ಮಾತಾಡುವಾಗ ನೂರಾರು ಮಿಲಿಆಂಪಿಯರ್ ಕುಡಿಯುವ ಇಎಸ್‌ಪಿ8266 ಗಾಢನಿದ್ದೆಯಲ್ಲಿ ಸುಮಾರು 20 ಮೈಕ್ರೊಆಂಪಿಯರಿನಲ್ಲಿ ಕಾಲ ಕಳೆಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಎದ್ದು, ಅಳೆದು, ಹೇಳಿ, ಮಲಗಿದರೆ ಆಯಿತು. ಮಾಳಿಗೆಯ ಮೇಲಿಡುವ ಡಬ್ಬಿ ಬಿಳಿಯದಾಗಿರಲಿ. ಅಗ್ಗದ ಕಪ್ಪು ಪ್ಲಾಸ್ಟಿಕ್ ನಮ್ಮ ಬಿಸಿಲಿಗೆ ಸೊಟ್ಟಗಾಗುತ್ತದೆ.

ಅಳತೆ ಬಂತು. ಅದನ್ನು ತಿಳಿಯಬೇಕಾದವರು ಯಾರು? ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟುಗಳಲ್ಲಿ ನೀರಿನ ಟಾಕಿಗೆ ಖಾಯಂ ಸ್ಥಾನವಿದೆ. ಬಹುತೇಕ ಎಲ್ಲದರಲ್ಲೂ ಒಂದು ಮೊಬೈಲ್ ಆ್ಯಪ್, ಅದರಲ್ಲಿ ಇಂಗ್ಲಿಷಿನ ಗ್ರಾಫ್. ವೈವಾ ಮುಗಿದ ಮರುದಿನ ಅದನ್ನು ಯಾರೂ ತೆರೆಯುವುದಿಲ್ಲ, ಏಕೆಂದರೆ ಮೋಟರ್ ಚಾಲೂ ಮಾಡುವವರು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತಾರೆ, ಕೈಗೆ ಹಿಟ್ಟು ಮೆತ್ತಿರುತ್ತದೆ. ಅವರಿಗೆ ಬೇಕಾದದ್ದು ಒಲೆಯ ಪಕ್ಕದ ಗೋಡೆಗೆ ಒಂದು ಹಸಿರು ದೀಪ, ಒಂದು ಕೆಂಪು ದೀಪ, ಟಾಕಿ ತುಂಬಿದಾಗ 'ಕುಂಯ್' ಎನ್ನುವ ಹತ್ತು ರೂಪಾಯಿಯ ಬಜರ್. ಹೊರಗೆ ಕೆಲಸಕ್ಕೆ ಹೋದ ಮಗನಿಗೆ ಬೇಕಿದ್ದರೆ ಟೆಲಿಗ್ರಾಮಿನಲ್ಲಿ ಸಂದೇಶ ಹೋಗಲಿ: "ಟಾಕಿ ತುಂಬೇತಿ, ಮೋಟರ್ ಬಂದ್ ಮಾಡ್ರಿ." ಫೋನಿಗೆ ಹೋಗುವ ಸಂದೇಶವನ್ನು ಕನ್ನಡದಲ್ಲಿ ಬರೆಯಲು ಯಾವ ತೊಡಕೂ ಇಲ್ಲ. ತೊಡಕಿರುವುದು ಇಎಸ್‌ಪಿಗೆ ನೇರ ಜೋಡಿಸುವ ಬೆರಳುದ್ದದ ಪರದೆಗಳಲ್ಲಿ: ಅವುಗಳ ತಂತ್ರಾಂಶಕ್ಕೆ ಒತ್ತಕ್ಷರ ಕೂಡಿಸಲು ಬಾರದು. ಬೇಕಾದ ನಾಲ್ಕೈದು ಪದಗಳನ್ನು ಚಿತ್ರವಾಗಿ ಬರೆದು ತುಂಬಿದರೆ ಆ ಅಡಚಣೆಯೂ ದಾಟುತ್ತದೆ.

ನಳದ ನೀರಿನ ಕತೆ ಬೇರೆ. ಇಷ್ಟು ದಿನಕ್ಕೊಮ್ಮೆ ಎಂದು ಬರುವ ನೀರು, ಯಾವ ಹೊತ್ತಿಗೆ ಎಂದು ಹೇಳುವವರಿಲ್ಲ. ಇದಕ್ಕೆ ಒಂದು ದೊಡ್ಡ ಪ್ರಯತ್ನ ನಮ್ಮ ಪಕ್ಕದ ಹುಬ್ಬಳ್ಳಿ-ಧಾರವಾಡದಲ್ಲೇ ನಡೆದಿತ್ತು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಓದಿದ ಅನು ಶ್ರೀಧರನ್ ಮತ್ತು ಗೆಳೆಯರು 2011ರ ಸುಮಾರಿಗೆ 'ನೆಕ್ಸ್ಟ್‌ಡ್ರಾಪ್' ಶುರುಮಾಡಿದರು. ವಾಲ್ವ್ ತಿರುಗಿಸುವ ಸಿಬ್ಬಂದಿ ಒಂದು ಫೋನ್ ಮಾಡಿ ತಿಳಿಸಬೇಕು, ಆ ಓಣಿಯ ಮನೆಗಳಿಗೆಲ್ಲ ನೀರು ಬರುವ ಮುಂಚೆಯೇ ಎಸ್ಸೆಮ್ಮೆಸ್ ಹೋಗಬೇಕು. ಸೆನ್ಸರ್ ಇಲ್ಲ, ದುಬಾರಿ ಯಂತ್ರವಿಲ್ಲ, ವಿಚಾರ ಚೆಂದವಿತ್ತು. ಆಮೇಲೆ ಬೆಂಗಳೂರಿನಲ್ಲಿ ಇದೇ ಸೇವೆಯ ಮೇಲೆ ತನು ಕುಮಾರ್, ಆಲಿಸನ್ ಪೋಸ್ಟ್, ಈಶಾ ರೇ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಕಂಡದ್ದು, ಸುದ್ದಿ ದಾರಿಯಲ್ಲೇ ಸೋರುತ್ತಿದೆ ಎಂದು. ವಾಲ್ವ್‌ಮನ್‌ಗಳಿಂದ ಎಷ್ಟೋ ಸಲ ಮಾಹಿತಿಯೇ ಬರುತ್ತಿರಲಿಲ್ಲ. ಅವರನ್ನು ದೂರುವುದು ಸುಲಭ. ಹತ್ತಾರು ವಾಲ್ವ್ ತಿರುಗಿಸುತ್ತ ಊರೆಲ್ಲ ಸುತ್ತುವವರಿಗೆ ಪ್ರತಿ ಸಲ ಫೋನ್ ಮಾಡು ಎಂದರೆ ಅದು ಸಂಬಳವಿಲ್ಲದ ಹೆಚ್ಚುವರಿ ಕೆಲಸ. ಸುದ್ದಿ ಕೊಡುವವನಿಗೆ ಆ ಸುದ್ದಿಯಿಂದ ಏನೂ ಸಿಗದಿದ್ದಾಗ ಹೀಗೇ ಆಗುತ್ತದೆ.

ನಿಮ್ಮ ಪೈಪಿಗೆ ನೀವೇ ಸೆನ್ಸರ್ ಹಾಕಿಕೊಂಡರೆ ಮುನ್ಸೂಚನೆ ಸಿಗದು, ಆದರೆ ಬಂದ ಕ್ಷಣ ಗೊತ್ತಾಗುತ್ತದೆ. ಒಳಗೆ ಪುಟ್ಟ ಗಾಲಿ ತಿರುಗುವ, ಲೀಟರಿಗೆ ಸುಮಾರು 450 ಮಿಡಿತ ಕೊಡುವ ವೈಎಫ್-ಎಸ್201 ಎಂಬ ಸೆನ್ಸರ್ ಹವ್ಯಾಸಿಗಳಿಗೆಲ್ಲ ಪರಿಚಿತ. ದಿನವಿಡೀ ನೀರು ಬರುವ ದೇಶದಲ್ಲಿ ಅದು ಸರಿಯಾಗಿ ಕೆಲಸ ಮಾಡುತ್ತದೆ. ನಮ್ಮಲ್ಲಿ ನಳಕ್ಕೆ ಮೊದಲು ಬರುವುದು ಗಾಳಿ! ಖಾಲಿ ಪೈಪಿನ ಗಾಳಿ ಬುಸುಗುಟ್ಟುತ್ತ ಗಾಲಿಯನ್ನು ಗಿರಗಿರ ತಿರುಗಿಸುತ್ತದೆ, 'ನೀರು ಬಂತು' ಎಂದು ಸಂದೇಶ ಹೋಗುತ್ತದೆ, ಕೊಡ ಹಿಡಿದು ಓಡಿದವರಿಗೆ ಬರೀ ಬುಸ್. ಗಾಲಿಯ ಜೊತೆಗೆ ಒದ್ದೆಯಾದರೆ ಮಾತ್ರ ಹೌದೆನ್ನುವ ಎರಡು ಸ್ಟೀಲ್ ಮೊಳೆಗಳನ್ನು ಸೇರಿಸಿ, ಎರಡೂ ಒಪ್ಪಿದ ಮೇಲೆ ಸುದ್ದಿ ಕಳಿಸುವಂತೆ ಮಾಡಬೇಕು.

ಕರೆಂಟಿನ ಲೆಕ್ಕಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲದೆ ಶುರುಮಾಡಬಹುದು. ಮನೆಯ ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ, ಪಕ್ಕದಲ್ಲಿ 3200 ಎಂದೋ 1600 ಎಂದೋ ಬರೆದಿರುತ್ತದೆ. ಒಂದು ಯೂನಿಟ್ ಖರ್ಚಾಗುವಷ್ಟರಲ್ಲಿ ದೀಪ ಎಷ್ಟು ಸಲ ಮಿನುಗುತ್ತದೆ ಎಂಬ ಸಂಖ್ಯೆ ಅದು. 3200 ಇದ್ದರೆ ಒಂದು ನಿಮಿಷ ಎಣಿಸಿ, ಬಂದದ್ದನ್ನು 18.75ರಿಂದ ಗುಣಿಸಿ: ಆ ಹೊತ್ತಿನಲ್ಲಿ ಮನೆ ಎಳೆಯುತ್ತಿರುವ ವ್ಯಾಟ್ ಸಿಕ್ಕಿತು. ನಾಲ್ಕು ಸಲ ಮಿನುಗಿದರೆ 75 ವ್ಯಾಟ್, ಒಂದು ಹಳೇ ಮಾದರಿಯ ಫ್ಯಾನು. ಲೈಟು, ಫ್ಯಾನುಗಳನ್ನೆಲ್ಲ ಆರಿಸಿ ನೋಡಿ, ಮೀಟರಿನ ದೀಪ ಆಗಲೂ ಆಗೊಮ್ಮೆ ಈಗೊಮ್ಮೆ ಮಿನುಗುತ್ತದೆ. ಸೆಟ್‌ಟಾಪ್ ಬಾಕ್ಸು, ಚಾರ್ಜರು, ಇನ್ವರ್ಟರು ಕುಡಿಯುವುದೇ ಅದು. 10 ವ್ಯಾಟ್ ಸತತವಾಗಿ ಎಳೆಯುವ ಡಬ್ಬಿ ತಿಂಗಳಿಗೆ 7 ಯೂನಿಟ್ ತಿನ್ನುತ್ತದೆ.

ಗೃಹಜ್ಯೋತಿ ಬಂದ ಮೇಲೆ ಈ ಎಣಿಕೆಗೆ ಬೆಲೆ ಬಂದಿದೆ. 2023ರ ಜುಲೈ ಬಳಕೆಯಿಂದ ಜಾರಿಯಾದ ಯೋಜನೆಯಲ್ಲಿ 200 ಯೂನಿಟ್ ಉಚಿತ ಎಂದು ಎಲ್ಲರ ಬಾಯಲ್ಲಿದೆ. ಆದರೆ ಪ್ರತಿ ಮನೆಗೂ ಶುರುವಿನಲ್ಲಿ ಗೆರೆ ಎಳೆದದ್ದು ಅದರದೇ 2022–23ರ ಸರಾಸರಿಗೆ ಶೇ 10 ಸೇರಿಸಿ. ಗೆರೆ ದಾಟಿದರೆ ದಾಟಿದ್ದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. 200 ಯೂನಿಟನ್ನು ಮೂವತ್ತು ದಿನಕ್ಕೆ ಹಂಚಿದರೆ ಹಗಲೂ ರಾತ್ರಿ ಸರಾಸರಿ 278 ವ್ಯಾಟ್, 3200ರ ಮೀಟರಿನಲ್ಲಿ ನಿಮಿಷಕ್ಕೆ ಹದಿನೈದು ಮಿನುಗು. ಮೀಟರಿನ ದೀಪದೆದುರು ಬೆಳಕು ಗುರುತಿಸುವ ಒಂದು ಸೆನ್ಸರನ್ನು ಹೊರಗಿನಿಂದ ಟೇಪಿನಲ್ಲಿ ಅಂಟಿಸಿ ಇಎಸ್‌ಪಿಗೆ ಎಣಿಸಲು ಬಿಟ್ಟರೆ, ಬಿಲ್ಲು ಬರುವ ಮೊದಲೇ ಹತ್ತನೇ ದಿನಕ್ಕೆ ಎಲ್ಲಿದ್ದೇವೆ ಎಂದು ಕಾಣುತ್ತದೆ. ಮೀಟರನ್ನು ಬಿಚ್ಚುವುದಾಗಲಿ ಸೀಲನ್ನು ಮುಟ್ಟುವುದಾಗಲಿ ಕೂಡದು, ಅದು ಅಪರಾಧ. ಹೊರಗಿನಿಂದ ದೀಪ ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಇದೇ ತೆರನ ಅಳತೆ ಮನೆಯ ಗೋಡೆ ದಾಟಿ ಸಾರ್ವಜನಿಕ ಸಾಕ್ಷ್ಯವಾಗಬಲ್ಲದು ಎಂದು ತೋರಿಸಿದವರು ಪುಣೆಯ ಪ್ರಯಾಸ್ ಸಂಸ್ಥೆಯವರು. ಮನೆಯ ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ಯಂತ್ರ ನಿಮಿಷ ನಿಮಿಷದ ವೋಲ್ಟೇಜ್ ಬರೆದಿಟ್ಟು ಮೊಬೈಲ್ ಜಾಲದ ಮೂಲಕ ಕಳಿಸುತ್ತದೆ. ಹಲವು ರಾಜ್ಯಗಳ ಹಳ್ಳಿ, ಪಟ್ಟಣಗಳ ಮನೆಗಳಲ್ಲಿ ಅವನ್ನಿಟ್ಟು, ಕರೆಂಟು ಎಷ್ಟು ಹೊತ್ತು ಇತ್ತು, ಎಷ್ಟು ಇಳಿಯಿತು ಎಂಬುದನ್ನು ಅವರು ಎಲ್ಲರೂ ನೋಡುವಂತೆ ಪ್ರಕಟಿಸಿದರು. 'ರಾತ್ರಿ ಲೈಟೇ ಇರಲಿಲ್ರೀ' ಎಂಬ ದೂರಿಗೂ, 'ರಾತ್ರಿ 9.10ರಿಂದ 11.40ರವರೆಗೆ 160 ವೋಲ್ಟ್' ಎಂಬ ದೂರಿಗೂ ಲೈನ್‌ಮನ್ ಕೊಡುವ ಉತ್ತರ ಒಂದೇ ಆಗಿರಲಾರದು.

ಹೊಲಕ್ಕೆ ಬಂದರೆ ಆಟ ದೊಡ್ಡದಾಗುತ್ತದೆ. ಪಂಪ್‌ಸೆಟ್ಟುಗಳಿಗೆ ದಿನಕ್ಕೆ ಏಳು ತಾಸು ತ್ರೀ ಫೇಸ್ ಎಂಬುದು ರಾಜ್ಯದ ಲೆಕ್ಕ. ಅದು ಹಗಲು ಬರುತ್ತದೋ ನಡುರಾತ್ರಿಯೋ ಎಂಬುದು ಪಾಳಿಯ ಮಾತು. ಕತ್ತಲಲ್ಲಿ ಹಾವು ಚೇಳಿನ ನಡುವೆ ಬೋರಿಗೆ ನಡೆದು ಹೋಗಿ, ಕರೆಂಟಿಲ್ಲವೆಂದು ತಿರುಗಿ ಬರುವ ಪಾಡು ಗೊತ್ತಿದ್ದೇ ಪುಣೆಯ ಸಂತೋಷ್ ಒಸ್ತವಾಲ್ 'ನ್ಯಾನೊ ಗಣೇಶ್' ಮಾಡಿದ್ದು. ಸ್ಟಾರ್ಟರಿಗೆ ಮೊಬೈಲ್ ಜೋಡಿಸಿ, ಮನೆಯಿಂದ ಕರೆ ಮಾಡಿದರೆ ಕರೆಂಟು ಇದೆಯೋ ಇಲ್ಲವೋ ಎಂದು ದನಿಯಲ್ಲೇ ತಿಳಿಯುವ ವ್ಯವಸ್ಥೆ. ಈಗ ನಮ್ಮ ಕಡೆಯೂ 'ಮೊಬೈಲ್ ಸ್ಟಾರ್ಟರ್' ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸಿಮ್ ಇಲ್ಲದೆ, ತಿಂಗಳ ರೀಚಾರ್ಜ್ ಇಲ್ಲದೆ ಆಗಬೇಕೆನ್ನುವ ಹವ್ಯಾಸಿಗೆ ಲೋರಾ ಎಂಬ ರೇಡಿಯೊ ಇದೆ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಗೆ ಲೈಸೆನ್ಸ್ ಬೇಡ; ಎರೆಹೊಲದ ಬಯಲಿನಲ್ಲಿ ಒಂದೆರಡು ಕಿಲೋಮೀಟರ್ ಸಲೀಸು. ಹಾಡು, ಚಿತ್ರ ಹೋಗದು, ಹತ್ತಾರು ಅಕ್ಷರ ಹೋಗುತ್ತದೆ. 'ಮೂರೂ ಫೇಸ್ ಇದೆ' ಎಂದು ಹೇಳಲು ಅಷ್ಟು ಬೇಕಾದಷ್ಟಾಯಿತು. ಮನೆಯಿಂದ ಹೊಲದ ಶೆಡ್ಡಿಗೆ ತಾಮ್ರದ ತಂತಿ ಎಳೆಯುವ ಯೋಚನೆ ಮಾತ್ರ ಬೇಡ. ಏಪ್ರಿಲ್-ಮೇ ತಿಂಗಳ ಅಡ್ಡಮಳೆಯ ಸಿಡಿಲು ಹತ್ತಿರದಲ್ಲೆಲ್ಲೋ ಬಿದ್ದರೂ ಸಾಕು, ಆ ತಂತಿ ಅದನ್ನು ನೇರ ಮನೆಯ ರೂಟರಿಗೆ ತಂದು ಬಿಡುತ್ತದೆ.

ಹೊಲದಲ್ಲಿ ಸೆನ್ಸರ್ ನೆಡುವುದು ಕರ್ನಾಟಕಕ್ಕೆ ಹೊಸದಲ್ಲ. 2000ರ ದಶಕದ ನಡುವಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್ ಕೂಡಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ, ಮಳೆ ನಂಬಿ ಶೇಂಗಾ ಬೆಳೆಯುವವರ ಹೊಲಗಳಲ್ಲಿ, ಮಣ್ಣಿನ ತೇವ ಅಳೆಯುವ ತಂತಿರಹಿತ ಜಾಲ ಹೂಡಿದ್ದವು. ಆಗ ಅದು ಸಂಶೋಧಕರ ಕೈಗೆ ಮಾತ್ರ ಎಟುಕುವ ಸಾಮಾನು. ಸರ್ಕಾರದ ಕಡೆಯಿಂದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸೋಲಾರ್ ಮಳೆಮಾಪಕಗಳನ್ನು ನಿಲ್ಲಿಸಿದೆ, ಅವು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಒಪ್ಪಿಸುತ್ತವೆ. ಪಂಚಾಯಿತಿಯ ಮಾಪಕದಲ್ಲಿ ಬಿದ್ದ ಮಳೆ ಎರಡು ಮೈಲಿ ಆಚೆಯ ನಿಮ್ಮ ಹೊಲದಲ್ಲಿ ಬಿದ್ದಿರಲೇಬೇಕೆಂದಿಲ್ಲ. ಬೆಳೆವಿಮೆಯ ಹೊತ್ತಿನಲ್ಲಿ ಈ ಜಗಳ ಕೇಳದ ರೈತರಿಲ್ಲ. ಸ್ವಂತದ್ದೊಂದು ಮಳೆಮಾಪಕದ ಅಂಕಿಗೆ ಕಚೇರಿಯಲ್ಲಿ ಮಾನ್ಯತೆ ಇಲ್ಲ, ನಿಜ. ಬಿತ್ತಬೇಕೋ ಕಾಯಬೇಕೋ ಎಂಬ ತೀರ್ಮಾನ ಕಚೇರಿಯದ್ದಲ್ಲವಲ್ಲ.

ಒಂದು ಎಚ್ಚರ ಹೇಳಲೇಬೇಕು. ಮನೆಯ ಈ ಪುಟವನ್ನು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕುಳಿತು ನೋಡುವ ಆಸೆ ಬೇಗನೇ ಹುಟ್ಟುತ್ತದೆ. ಮೊಬೈಲ್ ಇಂಟರ್ನೆಟ್ಟಿನಲ್ಲೂ ಎಷ್ಟೋ ಫೈಬರ್ ಸಂಪರ್ಕಗಳಲ್ಲೂ ಒಂದೇ ಹೊರವಿಳಾಸವನ್ನು ಹಲವು ಮನೆಗಳು ಹಂಚಿಕೊಂಡಿರುವುದರಿಂದ ಹೊರಗಿನಿಂದ ಒಳಗೆ ನೇರ ದಾರಿ ಇರುವುದಿಲ್ಲ. ಹಾಗೆ ಇಲ್ಲದಿರುವುದೇ ಕ್ಷೇಮ! ದಾರಿ ಇದ್ದವರು ರೂಟರಿನಲ್ಲಿ ಬಾಗಿಲು ತೆರೆದಿಟ್ಟು, ಕ್ಯಾಮೆರಾದ ಪಾಸ್‌ವರ್ಡನ್ನು ಕಾರ್ಖಾನೆಯಿಂದ ಬಂದಂತೆ 'ಅಡ್ಮಿನ್' ಎಂದೇ ಬಿಟ್ಟದ್ದರ ಫಲ 2016ರಲ್ಲಿ ಜಗತ್ತು ಕಂಡಿತು. ಮಿರೈ ಎಂಬ ಕುತಂತ್ರಾಂಶ ಇಂಥ ಅರವತ್ತಕ್ಕೂ ಹೆಚ್ಚು ಸಿದ್ಧ ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಇಟ್ಟುಕೊಂಡು ಲಕ್ಷಗಟ್ಟಲೆ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡಿತು. ಆ ಅಕ್ಟೋಬರಿನಲ್ಲಿ ಅವೆಲ್ಲ ಒಟ್ಟಿಗೆ ಮುಗಿಬಿದ್ದು, ಅಮೆರಿಕದಲ್ಲಿ ಟ್ವಿಟರಿನಂಥ ದೊಡ್ಡ ದೊಡ್ಡ ತಾಣಗಳೇ ತಾಸುಗಟ್ಟಲೆ ಸಿಗದಂತಾಯಿತು. ಹೊರಗಿನಿಂದ ನೋಡಲೇಬೇಕಿದ್ದರೆ ವೈರ್‌ಗಾರ್ಡ್‌ನಂಥ ಬೀಗ ಹಾಕಿದ ಸುರಂಗ ಕಟ್ಟಿಕೊಳ್ಳಿ. ಅಡುಗೆಮನೆ, ಮಲಗುವ ಕೋಣೆಯಲ್ಲಂತೂ ಕ್ಯಾಮೆರಾ ಬೇಡ. ಟಾಕಿಯ ಮಟ್ಟ ಕದ್ದವನಿಗೆ ಸಿಗುವುದೇನೂ ಇಲ್ಲ.

ಇಷ್ಟೆಲ್ಲ ಆದ ಮೇಲೆ ಪ್ರತಿ ಹವ್ಯಾಸಿಯೂ ಒಂದು ಹೆಜ್ಜೆ ಮುಂದಿಡಲು ತವಕಿಸುತ್ತಾನೆ: ಟಾಕಿ ತುಂಬಿದ್ದು ಯಂತ್ರಕ್ಕೆ ಗೊತ್ತಲ್ಲ, ಮೋಟರನ್ನೂ ಅದೇ ಬಂದ್ ಮಾಡಲಿ. ನಾನು ಇಲ್ಲಿ ಹಿಂಜರಿಯುವವರ ಗುಂಪು. ಒಂದು ಎಚ್‌ಪಿ ಮೋಟರ್ ಓಡುವಾಗ ಐದಾರು ಆಂಪಿಯರ್ ಎಳೆದರೂ ಏಳುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. 10 ಆಂಪಿಯರ್ ಎಂದು ಬರೆದಿರುವ ಎಂಬತ್ತು ರೂಪಾಯಿಯ ನೀಲಿ ರಿಲೇಯ ತುದಿಗಳು ಆ ಹೊಡೆತಕ್ಕೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ಪರದೆಯ ಮೇಲೆ 'ಬಂದ್' ಎಂದಿರುತ್ತದೆ, ಮೋಟರ್ ಓಡುತ್ತಲೇ ಇರುತ್ತದೆ. ಸಂಪಿನ ನೀರು ಮುಗಿದರೂ ನಿಲ್ಲದೆ, ಒಣಗಿ ಓಡಿ ಸುಟ್ಟುಹೋಗುತ್ತದೆ. ಮಾಡಲೇಬೇಕೆಂದರೆ ರಿಲೇ ಮೋಟರನ್ನು ಮುಟ್ಟಬಾರದು, ಸ್ಟಾರ್ಟರಿನ ಕಾಯಿಲ್ ತಂತಿಯನ್ನು ಮಾತ್ರ ಕಡಿಯಬೇಕು; ಆ ಜೋಡಣೆಯನ್ನು ವೈರಿಂಗ್ ಬಲ್ಲವರಿಂದಲೇ ಮಾಡಿಸಬೇಕು; ಎಷ್ಟೇ ಹೊತ್ತಾದರೂ ಟಾಕಿ ತುಂಬದಿದ್ದರೆ ತಾನಾಗಿ ನಿಲ್ಲುವ ಗಡುವು ಇರಬೇಕು; ಸ್ಟಾರ್ಟರಿನ ಕೆಂಪು ಗುಂಡಿ ಎಂದಿನಂತೆ ಕೈಗೆ ಸಿಗುವಲ್ಲೇ ಇರಬೇಕು. ಅಲ್ಲಿಯವರೆಗೆ ಬಜರ್ ಕೂಗಲಿ, ಗುಂಡಿಯನ್ನು ಮನೆಯವರೇ ಒತ್ತಲಿ.